ಕಲಿಯುವವಳ ಬೆನ್ನು ಯಾರ ಹೊಣೆ?

ನರ್ಸಿಂಗ್ ಓದುವ ಹುಡುಗಿ ವಾರ್ಡ್ ಪೋಸ್ಟಿಂಗ್ ಮುಗಿಸಿ ಹಾಸ್ಟೆಲಿಗೆ ಬಂದು ಸೊಂಟ ಹಿಡಿದುಕೊಂಡು ಕೂತರೆ, ಸುತ್ತಲಿನವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ‘ಹೊಸದರಲ್ಲಿ ಹಾಗೇ, ಆಮೇಲೆ ರೂಢಿಯಾಗುತ್ತೆ.’ ಸಮಾಧಾನಕ್ಕೆಂದು ಆಡುವ ಈ ಮಾತಿನೊಳಗೆ ಎರಡು ನಂಬಿಕೆಗಳಿವೆ. ಬೆನ್ನುನೋವು ಈ ಕಸುಬಿನ ಜೊತೆಗೇ ಬಂದದ್ದು ಎಂಬುದು ಒಂದು. ಅದನ್ನು ತಾಳಿಕೊಳ್ಳಲಾರದವರು ಈ ಕೆಲಸಕ್ಕೆ ತಕ್ಕವರಲ್ಲ ಎಂಬುದು ಇನ್ನೊಂದು. ಎರಡೂ ತಪ್ಪೆಂದು ನಾನು ತಿಳಿದಿದ್ದೇನೆ. ವಿದ್ಯಾರ್ಥಿನಿಯ ಬೆನ್ನು ಮೊದಲು ಅವಳಿಗೆ ಕೆಲಸ ಹಚ್ಚುವವರ ಹೊಣೆ. ಅವಳ ಪಾಲಿನ ಹೊಣೆ ಆಮೇಲಿನದು.

ಕೆಲಸವನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಲಕ್ವ ಹೊಡೆದು ಮಲಗಿದ ರೋಗಿಗೆ ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ತಲೆಯ ಕಡೆ ಎತ್ತರಿಸಿದ ಮಂಚದಲ್ಲಿ ಆತ ಕಾಲಿನ ಕಡೆಗೆ ಜಾರುತ್ತಲೇ ಇರುತ್ತಾನೆ, ಆಗಾಗ ಮೇಲಕ್ಕೆಳೆಯಬೇಕು. ಎಷ್ಟೋ ವಾರ್ಡುಗಳಲ್ಲಿ ಮಂಚದ ಎತ್ತರ ಬದಲಾಗುವುದಿಲ್ಲ. ಬದಲಾಗುವ ಮಂಚವಿದ್ದರೂ ತಿರುಗಿಸುವ ಹಿಡಿಕೆ ತುಕ್ಕು ಹಿಡಿದಿರುತ್ತದೆ. ಮಂಚದ ನಡುವೆ ಮಲಗಿದವನತ್ತ ಕೈ ಚಾಚಿದಾಗ ಭಾರವು ಬೆನ್ನುಮೂಳೆಯಿಂದ ಸುಮಾರು 50 ಸೆಂಟಿಮೀಟರ್ ದೂರದಲ್ಲಿರುತ್ತದೆ. ಅದನ್ನು ಸರಿದೂಗಿಸುವ ಬೆನ್ನಿನ ಸ್ನಾಯುಗಳು ಮೂಳೆಯಿಂದ ಬರೀ 5 ಸೆಂಟಿಮೀಟರ್ ಆಸುಪಾಸಿನಲ್ಲಿವೆ. ಕೈಯಲ್ಲಿ 10 ಕಿಲೊ ಹಿಡಿದರೆ ಆ ಸ್ನಾಯುಗಳು ಹತ್ತು ಪಟ್ಟು ಬಲ ಹಾಕಿ ಎಳೆಯಬೇಕು. ಬಾಗಿದ ಮೈಯ ಭಾರ ಬೇರೆ. 60 ಕಿಲೊ ತೂಗುವ ಮನುಷ್ಯನ ಒಂದು ಕಾಲೇ ಸುಮಾರು 10 ಕಿಲೊ ಇರುತ್ತದೆ. ಡ್ರೆಸ್ಸಿಂಗ್ ಮುಗಿಯುವವರೆಗೆ ಆ ಕಾಲನ್ನು ಎತ್ತಿ ಹಿಡಿದು ನಿಲ್ಲುವ ಕೆಲಸ ಸಾಮಾನ್ಯವಾಗಿ ಬೀಳುವುದು ವಿದ್ಯಾರ್ಥಿಗಳ ಪಾಲಿಗೆ.

ಅಮೆರಿಕದ ವೃತ್ತಿ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್, ಎಲ್ಲ ಅನುಕೂಲವಿದ್ದಾಗಲೂ ಕೈಯಿಂದ ಎತ್ತುವ ಭಾರ 23 ಕಿಲೊ ಮೀರಬಾರದು ಎನ್ನುತ್ತದೆ. ಅದೇ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ, ರೋಗಿಗಳ ವಿಷಯದಲ್ಲಿ ಈ ಮಿತಿಯನ್ನು 35 ಪೌಂಡ್‌ಗೆ, ಅಂದರೆ ಸುಮಾರು 16 ಕಿಲೊಗೆ ಇಳಿಸಬೇಕೆಂದು ವಾದಿಸಿದರು. ಪೆಟ್ಟಿಗೆಗೆ ಹಿಡಿಯಲು ಹಿಡಿಕೆಯಿರುತ್ತದೆ, ಅದು ಅಲುಗಾಡದೆ ಇರುತ್ತದೆ. ರೋಗಿ ಹಾಗಲ್ಲ: ಹೆದರಿ ಕುತ್ತಿಗೆಗೆ ಜೋತುಬೀಳುತ್ತಾನೆ, ನಡುವೆಯೇ ಕುಸಿಯುತ್ತಾನೆ, ಡ್ರಿಪ್ ಮತ್ತು ಮೂತ್ರದ ಚೀಲಗಳನ್ನೂ ಕಾಯಬೇಕಾಗುತ್ತದೆ. ಹಾಗಿರುವಾಗ ದೊಡ್ಡ ಮೈಯವರೊಬ್ಬರನ್ನು ಒಬ್ಬಳೇ ಎತ್ತಿ ಕೂರಿಸಿದಳೆಂದರೆ ಅದು ಮೆಚ್ಚುವ ಸಂಗತಿಯಲ್ಲ, ಆಗಬಾರದಿದ್ದ ಸಂಗತಿ.

‘ಎತ್ತುವ ಕ್ರಮ ಕಲಿಸಿದ್ದೇವಲ್ಲ’ ಎಂದು ಕಾಲೇಜಿನವರು ಹೇಳಬಹುದು. ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಡಿ, ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ: ಮೊದಲ ವರ್ಷದಲ್ಲೇ ಈ ಪಾಠವಿದೆ, ತಿಳಿದಿರುವುದೂ ಒಳ್ಳೆಯದೇ. ಆದರೆ ಭಾರ ಎತ್ತುವ ಕೆಲಸಗಾರರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆ, ಇಂಥ ತರಬೇತಿಯೊಂದರಿಂದಲೇ ಬೆನ್ನುನೋವು ತಪ್ಪುವುದಿಲ್ಲ ಎಂಬ ತೀರ್ಮಾನಕ್ಕೆ ಬಂದಿತು. ಕಾರಣ ಊಹಿಸುವುದು ಕಷ್ಟವಲ್ಲ. ಮಂಚದ ಅಂಚೇ ಅಡ್ಡ ಬರುವಾಗ ಮೊಣಕಾಲು ಎಲ್ಲಿ ಬಗ್ಗಿಸುವುದು? ಭಾರವನ್ನು ಮೈಗೆ ಹತ್ತಿರ ತರಲು ರೋಗಿಯೇ ಹತ್ತಿರದಲ್ಲಿಲ್ಲ. ಪಾಠಕ್ಕೆ ತಕ್ಕ ಮಂಚವಿಲ್ಲದಿದ್ದರೆ ಪಾಠ ಪುಸ್ತಕದಲ್ಲೇ ಉಳಿಯುತ್ತದೆ, ನೋವು ಬಂದಾಗ ‘ನೀನು ಸರಿಯಾಗಿ ಬಗ್ಗಲಿಲ್ಲ’ ಎಂಬ ಆರೋಪವಷ್ಟೇ ಅವಳ ಪಾಲಿಗೆ ಬರುತ್ತದೆ.

ಕೈಗಳ ಕೊರತೆಯ ಮಾತೂ ಇದೆ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಅಷ್ಟು ಜನ ಇಲ್ಲದ ಕಡೆ ಆ ತೆರವನ್ನು ತುಂಬುವವರು ರೋಗಿಯ ಕಡೆಯವರು ಮತ್ತು ವಿದ್ಯಾರ್ಥಿಗಳು. ವಿದ್ಯಾರ್ಥಿಯಂತೂ ಒಲ್ಲೆ ಎನ್ನುವ ಸ್ಥಿತಿಯಲ್ಲಿಲ್ಲ. ಅಂಕ ಕೊಡುವವರು, ಸಹಿ ಹಾಕುವವರು ಎದುರಿಗೇ ನಿಂತಿರುತ್ತಾರೆ. ಗಂಡುಮಕ್ಕಳಿದ್ದರಂತೂ ‘ನೀನು ಎತ್ತಪ್ಪ’ ಎಂದು ಮೊದಲು ಕರೆಯುವುದು ಅವರನ್ನೇ. ಅವರ ಬೆನ್ನುಮೂಳೆಯೂ ಮೂಳೆಯೇ.

ನಮ್ಮಂಥ ದೇಶದಲ್ಲಿ ಇದಕ್ಕೆಲ್ಲ ಹಣವೆಲ್ಲಿ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ರೋಗಿಯನ್ನು ಎತ್ತುವ ಯಂತ್ರ ಪ್ರತಿ ವಾರ್ಡಿಗೂ ಸಿಗದಿರಬಹುದು. ಆದರೆ ರೋಗಿಯ ಕೆಳಗೆ ಹಾಸಿ ಎಳೆಯುವ ನುಣುಪು ಬಟ್ಟೆ ದುಬಾರಿಯಲ್ಲ. ತುಕ್ಕು ಹಿಡಿದ ಹಿಡಿಕೆಗೆ ಎಣ್ಣೆ ಬಿಡುವುದು, ಸ್ಟ್ರೆಚರ್‌ನ ಬ್ರೇಕ್ ಸರಿಪಡಿಸುವುದು, ಇಬ್ಬರಿಲ್ಲದೆ ಯಾರನ್ನೂ ಎತ್ತಬಾರದೆಂದು ನಿಯಮ ಮಾಡುವುದು ಕೈಲಾಗದ ಕೆಲಸಗಳಲ್ಲ. ಬ್ರಿಟನ್‌ನಲ್ಲಿ 1992ರ ನಿಯಮಾವಳಿ, ಅಪಾಯಕರವಾಗಿ ಕೈಯಿಂದ ಎತ್ತುವುದನ್ನು ಸಾಧ್ಯವಾದ ಮಟ್ಟಿಗೆ ತಪ್ಪಿಸುವ ಹೊಣೆಯನ್ನು ಉದ್ಯೋಗದಾತರ ಮೇಲೇ ಹೊರಿಸಿತು. ಬೆಂಗಳೂರು, ಮಂಗಳೂರಿನಲ್ಲಿ ಕಲಿತು ಅಲ್ಲಿಗೆ ಹೋದ ನರ್ಸ್ ಆ ನಿಯಮದ ಆಸರೆಯಲ್ಲಿ ಕೆಲಸ ಮಾಡುತ್ತಾಳೆ. ಬೆನ್ನು ಅದೇ, ಬದಲಾದದ್ದು ನಿಯಮ.

ವ್ಯವಸ್ಥೆ ಸರಿಹೋಗುವವರೆಗೆ ವಿದ್ಯಾರ್ಥಿ ಮಾಡಬೇಕಾದದ್ದೂ ಇದೆ. ನೋವು ಬಂತೆಂದು ದಿನಗಟ್ಟಲೆ ಮಲಗುವುದರಿಂದ ಪ್ರಯೋಜನವಿಲ್ಲ. ಆದಷ್ಟೂ ನಡೆದಾಡಿಕೊಂಡಿರುವುದೇ ಮೇಲು. ಸಾಮಾನ್ಯವಾಗಿ ನೋವು ಕೆಲವು ವಾರಗಳಲ್ಲಿ ಇಳಿಯುತ್ತದೆ. ನೋವು ಮರುಕಳಿಸದಂತೆ ತಡೆಯಲು ಸೊಂಟದ ಬೆಲ್ಟಿಗಿಂತ ನಿಯಮಿತ ವ್ಯಾಯಾಮವನ್ನು ನಂಬಬಹುದು. ಕಾಲಿನಲ್ಲಿ ಬಲ ಕುಂದಿದರೆ, ತೊಡೆಗಳ ಸಂದು ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಮಾತ್ರ ಒಂದು ದಿನವೂ ಕಾಯದೆ ವೈದ್ಯರ ಬಳಿ ಹೋಗಬೇಕು. ನೋವನ್ನು ಮೊದಲ ದಿನವೇ ಟ್ಯೂಟರಿಗೆ ಹೇಳಬೇಕು. ಮಾತ್ರೆ ನುಂಗಿ ಡ್ಯೂಟಿಗೆ ಹೋದರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಲೆಕ್ಕಕ್ಕೆ ಬರುವುದೇ ಮುಖ್ಯ. ಸೂಜಿ ಚುಚ್ಚಿಕೊಂಡರೆ ಅದನ್ನು ಅಪಘಾತವೆಂದು ದಾಖಲಿಸಬೇಕು, ಕಾರಣ ಹುಡುಕಬೇಕು ಎಂಬುದನ್ನು ಇಂದು ಎಲ್ಲರೂ ಒಪ್ಪುತ್ತಾರೆ. ಚುಚ್ಚಿಕೊಂಡವಳು ಕೆಲಸಕ್ಕೆ ಬಾರದವಳೆಂದು ಯಾರೂ ಅನ್ನುವುದಿಲ್ಲ. ರೋಗಿಯನ್ನು ಎತ್ತುವಾಗ ಉಳುಕಿದ ಬೆನ್ನಿಗೂ ಅದೇ ದಾಖಲೆ, ಅದೇ ವಿಚಾರಣೆ ಬೇಕು. ಪ್ರಾಯೋಗಿಕ ಪರೀಕ್ಷೆಯಲ್ಲಿ ‘ಇವರನ್ನು ನಾನೊಬ್ಬಳೇ ಎತ್ತುವುದಿಲ್ಲ, ಇನ್ನೊಬ್ಬರು ಬರಲಿ’ ಎಂದವಳಿಗೆ ಅಂಕ ಸಿಗಬೇಕು. ಹಾಗೆ ಹೇಳಲು ಕಲಿತವಳಿಂದ ಅವಳ ಬೆನ್ನೂ ಉಳಿಯುತ್ತದೆ, ಅವಳ ಕೈ ಜಾರಿ ಬೀಳಬಹುದಾಗಿದ್ದ ರೋಗಿಯೂ ಉಳಿಯುತ್ತಾನೆ.