ಲೇಬಲ್ ತೋರಿಸಿ ಕಣ್ಣು ಕಸಿಯಬೇಡಿ!

ವಯಸ್ಸಾದ ಅಮ್ಮನ ಅಕ್ಷಿಪಟಲ ಕೆಟ್ಟಿದೆ. ವೈದ್ಯರು ಕಣ್ಣಿಗೆ ಅವಾಸ್ಟಿನ್ ಚುಚ್ಚುಮದ್ದು ಕೊಟ್ಟಿದ್ದಾರೆ. ಮಗ ಬಿಲ್ ಕಳಿಸಿದರೆ ವಿಮಾ ಕಂಪನಿಯಿಂದ ಇಂಗ್ಲಿಷ್ ಕಾಗದವೊಂದು ಬರುತ್ತದೆ: ಈ ಔಷಧಿ ಇರುವುದು ಕ್ಯಾನ್ಸರಿಗೆ, ಕಣ್ಣಿಗಲ್ಲ; ಚಿಕಿತ್ಸೆ ರುಜುವಾತಾಗಿಲ್ಲ; ಹಣವಿಲ್ಲ. ವರ್ಷ ವರ್ಷ ಪ್ರೀಮಿಯಂ ಎಣಿಸಿಕೊಂಡಾಗ ಈ ಮಾತು ಹೇಳಿದ್ದರೇ?

ಅವಾಸ್ಟಿನ್ ಲೇಬಲ್‌ನಲ್ಲಿ ಕಣ್ಣಿನ ಹೆಸರಿಲ್ಲ, ನಿಜ. ಹೆಸರು ಸೇರಬೇಕಾದರೆ ತಯಾರಕರೇ ಅರ್ಜಿ ಹಾಕಬೇಕು. ಅವರೇಕೆ ಹಾಕುತ್ತಾರೆ? ಕಣ್ಣಿಗೆಂದೇ ಮಾರುವ ದುಬಾರಿ ಲುಸೆಂಟಿಸ್ ಕೂಡ ಅದೇ ಅಮೆರಿಕದ ಜೆನೆನ್‌ಟೆಕ್ ಕಂಪನಿಯದು! 2011ರಲ್ಲಿ ಅಮೆರಿಕ ಸರ್ಕಾರದ ಹಣದಲ್ಲಿ ನಡೆದ ಪರೀಕ್ಷೆ ದೃಷ್ಟಿ ಉಳಿಸುವುದರಲ್ಲಿ ಎರಡೂ ಸಮ ಎಂದಿತು. ಅಲ್ಲಿ ಬೆಲೆ ಮಾತ್ರ ಆಗ ಡೋಸಿಗೆ ಸುಮಾರು 50 ಡಾಲರ್ ಎದುರು 2000 ಡಾಲರ್ ಇತ್ತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವಾಸ್ಟಿನ್‌ನ ಮೂಲ ಔಷಧಿಯನ್ನು ಕಣ್ಣಿನ ಚಿಕಿತ್ಸೆಗೆಂದೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಇನ್ನೇನು ರುಜುವಾತು ಬೇಕಂತೆ ಇವರಿಗೆ?

ನಮ್ಮ ಔಷಧ ನಿಯಂತ್ರಕರು 2016ರ ಜನವರಿಯಲ್ಲಿ ಈ ಬಳಕೆಯ ವಿರುದ್ಧ ಎಚ್ಚರಿಕೆ ಹೊರಡಿಸಿ, ಮಾರ್ಚ್‌ನಲ್ಲಿ ಹಿಂತೆಗೆದುಕೊಂಡರು. ಒಂದು ಸೀಸೆಯ ಔಷಧಿಯನ್ನು ಹಲವರಿಗೆ ಹಂಚುವಾಗ ಸೋಂಕು ತಗಲಬಾರದು, ಒಪ್ಪೋಣ. ಅದು ಆಸ್ಪತ್ರೆ ನೋಡಿಕೊಳ್ಳಬೇಕಾದ ಶುಚಿತ್ವದ ಮಾತು, ಕ್ಲೇಮು ತಳ್ಳಲು ನೆಪವಲ್ಲ.

2019ರಲ್ಲಿ ವಿಮಾ ಪ್ರಾಧಿಕಾರ ಹನ್ನೆರಡು ಆಧುನಿಕ ಚಿಕಿತ್ಸೆಗಳನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ ಎಂದಿತು. ಕಣ್ಣಿನೊಳಗೆ ಕೊಡುವ ಚುಚ್ಚುಮದ್ದು ಆ ಪಟ್ಟಿಯಲ್ಲಿತ್ತು. ನಿಮ್ಮ ಮನೆಯ ಪಾಲಿಸಿ ತೆರೆದು ಆ ಸಾಲು ಹುಡುಕಿ. ಪಕ್ಕದಲ್ಲೇ ಮಿತಿಯ ಮೊತ್ತವೂ ಇರಬಹುದು. ಆ ಕಿಂಡಿಯನ್ನು ಪ್ರಾಧಿಕಾರವೇ ಬಿಟ್ಟುಕೊಟ್ಟಿತ್ತು! ಲೇಬಲ್‌ನಾಚೆಯ ಔಷಧಿಯ ಬಗ್ಗೆಯಂತೂ ನೇರ ಮಾತೇ ಇರಲಿಲ್ಲ. ಅಮೆರಿಕದವರು 1993ರಲ್ಲೇ ಕಾನೂನು ಮಾಡಿ, ಮಾನ್ಯ ವೈದ್ಯಕೀಯ ಗ್ರಂಥಗಳು ಒಪ್ಪಿದ ಕ್ಯಾನ್ಸರ್ ಔಷಧಿಗೆ ಲೇಬಲ್‌ನಲ್ಲಿ ಇಲ್ಲದಿದ್ದರೂ ಮೆಡಿಕೇರ್ ಹಣ ಕೊಡಬೇಕು ಎಂದರು. ಅಂಥ ಕಾನೂನು ಇಲ್ಲಿಯೂ, ಎಲ್ಲ ರೋಗಕ್ಕೂ ಬೇಕು. ನಮ್ಮ ಸಂಸದರು ದೆಹಲಿಯಲ್ಲಿ ಇದನ್ನು ಎಂದು ಕೇಳುತ್ತಾರೆ?

ಅಲ್ಲಿಯವರೆಗೆ, ತರುಣರೇ, ಸುಮ್ಮನೆ ಕೂರಬೇಡಿ. ಪಾಲಿಸಿಯ ಸಾರಾಂಶದ ಹಾಳೆಯನ್ನು, ಕೇಳಿದವರಿಗೆ, ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದು 2024ರ ಜನವರಿಯಿಂದ ನಿಯಮವಾಯಿತು. ಕನ್ನಡದಲ್ಲಿ ಕೊಡಿ ಎಂದು ಕೇಳಿ, ಪಡೆದೇ ಬನ್ನಿ. ಕ್ಲೇಮು ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ಕೇಳಿ. ಮೊದಲು ಕಂಪನಿಗೇ ದೂರು ಕೊಡಿ. ತಿಂಗಳಾದರೂ ಉತ್ತರವಿಲ್ಲವೇ, ಉತ್ತರ ಒಪ್ಪಿಗೆಯಿಲ್ಲವೇ? ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಅರ್ಜಿ ಹಾಕಿ. ಶುಲ್ಕವಿಲ್ಲ, ವಕೀಲರೂ ಬೇಡ. ವೈದ್ಯರ ಚೀಟಿ, ಬಿಲ್, ತಿರಸ್ಕಾರದ ಕಾಗದ ಲಗತ್ತಿಸುವುದು ಮರೆಯಬೇಡಿ.