ಎರಡು ಸಾಕಾ, ನಾಲ್ಕು ಕೊಡ್ಲಾ?

ನರ್ಸಿಂಗ್ ಮೂರನೇ ವರ್ಷದ ನನ್ನ ವಿದ್ಯಾರ್ಥಿನಿಯೊಬ್ಬಳು ಉರಿಮೂತ್ರದಿಂದ ಒದ್ದಾಡುತ್ತಾ ಬಂದಳು. "ಮೆಡಿಕಲ್‌ನಲ್ಲಿ ಇದು ಕೊಟ್ರು ಮ್ಯಾಮ್" ಎಂದು ಅಂಗೈ ಬಿಚ್ಚಿದಳು. ಸ್ಟ್ರಿಪ್‌ನಿಂದ ಕತ್ತರಿಸಿದ ಎರಡು ಸೆಫಿಕ್ಸಿಮ್ ಆ್ಯಂಟಿಬಯೋಟಿಕ್ ಮಾತ್ರೆ, ಜೊತೆಗೊಂದು ಸಿಟ್ರೇಟ್ ಸಿರಪ್.

ಸೆಫಿಕ್ಸಿಮ್ ಎಚ್-1 ಷೆಡ್ಯೂಲಿನ ಔಷಧ. ವೈದ್ಯರ ಚೀಟಿ ನೋಡಿಯೇ ಕೊಡಬೇಕು, ರೋಗಿಯ ಮತ್ತು ವೈದ್ಯರ ಹೆಸರು ಬರೆದ ಪುಸ್ತಕವನ್ನು 3 ವರ್ಷ ಕಾಪಾಡಬೇಕು ಎಂಬ ನಿಯಮ 2014ರಿಂದ ಜಾರಿಯಲ್ಲಿದೆ. ಬಿಗಿ ಮಾಡಿ ಎಂದಾಗಲೆಲ್ಲ ಒಂದೇ ವಾದ ಏಳುತ್ತದೆ: ಹಳ್ಳಿಯಲ್ಲಿ ಡಾಕ್ಟರ್ ಎಲ್ಲಿದ್ದಾರೆ, ಮೆಡಿಕಲ್ ಶಾಪೇ ಬಡವರ ಆಸ್ಪತ್ರೆ. ನಾನಿದನ್ನು ಒಪ್ಪುವುದಿಲ್ಲ. ಎರಡು ಮಾತ್ರೆಗೆ ಉರಿ ತಗ್ಗಬಹುದು, ಸೋಂಕು ಹೋಗಿರುವುದಿಲ್ಲ. ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಉಳಿದು ಬೆಳೆಯುತ್ತವೆ. ಆಮೇಲೆ ದುಬಾರಿ ಇಂಜೆಕ್ಷನ್‌ಗೆ ದುಡ್ಡು ಹೊಂದಿಸಬೇಕಾದವರು ಅದೇ ಬಡವರು.

ಮೂತ್ರ ಪರೀಕ್ಷೆ ಮಾಡಿಸಿದೆವು. ವೈದ್ಯರು ನೈಟ್ರೊಫ್ಯುರಾಂಟಾಯಿನ್ ಎಂಬ ಆ್ಯಂಟಿಬಯೋಟಿಕ್ ಬರೆದರು. ಎರಡು ದಿನ ಬಿಟ್ಟು ನೋಡಿದರೆ ಅವಳು ಆ ಸಿರಪ್ಪನ್ನೂ ಕುಡಿಯುತ್ತಿದ್ದಳು! ಸಿಟ್ರೇಟ್ ಮೂತ್ರವನ್ನು ಕ್ಷಾರೀಯಗೊಳಿಸುತ್ತದೆ. ನೈಟ್ರೊಫ್ಯುರಾಂಟಾಯಿನ್ ಚೆನ್ನಾಗಿ ಕೆಲಸ ಮಾಡುವುದು ಆಮ್ಲೀಯ ಮೂತ್ರದಲ್ಲಿ. ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದವಳೇ ಅವಳು. ಮೂತ್ರದ ಔಷಧಗಳ ಪಾಠವನ್ನು ಐದು ಅಂಕದ ಪಟ್ಟಿಯಾಗಿಸಿದ ನಮ್ಮಂಥ ಬೋಧಕರ ತಪ್ಪೂ ಇದರಲ್ಲಿದೆ.

ಡಾಕ್ಟರ್ ಇಲ್ಲದ ಹಳ್ಳಿಗೂ ಪರಿಹಾರ ಇದೆ. ಸರ್ಕಾರಿ ಆರೋಗ್ಯ ಕೇಂದ್ರಗಳಾದ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ. ಅವರಿಗೆ ಮೂತ್ರ ಪರೀಕ್ಷೆಯ ಸ್ಟ್ರಿಪ್, ಲಿಖಿತ ನಿಯಮ, ಸರಳ ಸೋಂಕಿಗೆ ಔಷಧ ಕೊಡುವ ಅಧಿಕಾರ ಕೊಡಿ. ಇಂಗ್ಲೆಂಡಿನಲ್ಲಿ 2024ರ ಜನವರಿಯಿಂದ ಫಾರ್ಮಸಿಸ್ಟ್‌ಗಳೇ 16ರಿಂದ 64 ವರ್ಷದ ಮಹಿಳೆಯರ ಸರಳ ಮೂತ್ರಸೋಂಕಿಗೆ 3 ದಿನದ ನೈಟ್ರೊಫ್ಯುರಾಂಟಾಯಿನ್ ಕೊಡುತ್ತಾರೆ. ಆದರೆ ಲಕ್ಷಣಗಳನ್ನು ಕೇಳಿ, ಬರೆದಿಟ್ಟುಕೊಂಡು, ಅನುಮಾನ ಬಂದರೆ ವೈದ್ಯರ ಬಳಿಗೆ ಕಳಿಸುತ್ತಾರೆ.

ನರ್ಸ್ ಕೈಗೆ ಆ್ಯಂಟಿಬಯೋಟಿಕ್ ಕೊಟ್ಟರೆ ಅನಾಹುತ ಎನ್ನುವವರಿದ್ದಾರೆ. ಚಳಿಜ್ವರ ಇದೆಯಾ, ಬೆನ್ನಿನ ಪಕ್ಕ ನೋವಾ, ಮುಟ್ಟು ನಿಂತಿದೆಯಾ, ಸಕ್ಕರೆ ಕಾಯಿಲೆ ಇದೆಯಾ, ಕಿಡ್ನಿ ತೊಂದರೆ ಇತ್ತಾ ಎಂದು ಕೇಳುವುದನ್ನು ನರ್ಸ್ ಕಲಿತಿರುತ್ತಾಳೆ. ನನ್ನ ವಿದ್ಯಾರ್ಥಿನಿಯನ್ನು ಅಂಗಡಿಯ ಹುಡುಗ ಇದ್ಯಾವುದನ್ನೂ ಕೇಳಿರಲಿಲ್ಲ. ಕತ್ತರಿ ಹಿಡಿದು ಅವನು ಕೇಳಿದ್ದಿಷ್ಟೇ: "ಎರಡು ಸಾಕಾ, ನಾಲ್ಕು ಕೊಡ್ಲಾ?"