ಬಿಟ್ಟ ಕೆಲಸ ಯಾರ ಕೈಗೆ ಹೋಯ್ತು?

'ಟೈಮ್ ಸಿಕ್ಕಿದ್ರೆ ನಾನೂ ಬರೀತಿದ್ದೆ' ಅನ್ನೋರು ಒಂದು ಕಡೆ. 'ಮನಸ್ಸಿದ್ರೆ ಟೈಮ್ ತಾನಾಗೇ ಸಿಗುತ್ತೆ' ಅನ್ನೋರು ಇನ್ನೊಂದು ಕಡೆ. ಬೆಂಗಳೂರಿನ ಯಾವ ಪುಸ್ತಕ ಬಿಡುಗಡೆಗಾದರೂ ಹೋಗಿ, ಯಾವ ಆಫೀಸಿನ ಕನ್ನಡ ಬಳಗಕ್ಕಾದರೂ ಸೇರಿ, ಈ ಎರಡು ಪಕ್ಷ ಇದ್ದೇ ಇರುತ್ತೆ. ಮೊದಲನೆಯವರು ಸೋಮಾರಿಗಳು ಅಂತ ಎರಡನೆಯವರ ಲೆಕ್ಕ. ಎರಡನೆಯವರು ಪುಣ್ಯವಂತರು ಅಂತ ಮೊದಲನೆಯವರ ಹೊಟ್ಟೆಕಿಚ್ಚು. ನನ್ನ ತಕರಾರು ಇಬ್ಬರ ಮೇಲೂ ಇದೆ. ಒಬ್ಬರು ಬಾಗಿಲು ಹಾಕಿಕೊಂಡು ಎರಡು ಗಂಟೆ ಬರೆಯೋಕೆ ಕೂತರೆ, ಆ ಎರಡು ಗಂಟೆ ಮನೆ ಕೆಲಸವೇನೂ ನಿಂತು ಕಾಯಲ್ಲ. ಅದನ್ನ ಇನ್ಯಾರೋ ಮಾಡ್ತಿರ್ತಾರೆ. ಆ 'ಇನ್ಯಾರೋ' ಯಾರು ಅಂತ ಎರಡೂ ಪಕ್ಷದವರು ಕೇಳಲ್ಲ.

ನಮ್ಮ ಭಾಷೆ ಮಾತ್ರ ಇದನ್ನ ಮರೆತಿಲ್ಲ. ಪುರುಸೊತ್ತು ಅನ್ನೋದು ಪಾರಸಿ, ಅರಬ್ಬಿ ಕಡೆಯ 'ಫುರ್ಸತ್'ನಿಂದ ಬಂದದ್ದು. ನಮ್ಮದೇ ಪದ ಬಿಡುವು. ಏನನ್ನಾದರೂ ಬಿಟ್ಟರೆ ತಾನೇ ಬಿಡುವು? ಹಾಗೆ ಬಿಟ್ಟದ್ದು ಎಲ್ಲಿಗೆ ಹೋಯ್ತು? ಕೆಲವು ಕೆಲಸ ಬಿಟ್ಟರೆ ಬಿಟ್ಟಂತೆಯೇ, ರೀಲ್ಸ್ ನೋಡೋದು, ಕ್ರಿಕೆಟ್ ಸ್ಕೋರು ಕೆದಕೋದು ಇತ್ಯಾದಿ. ಆದರೆ ಅನ್ನ, ಪಾತ್ರೆ, ಮಗುವಿನ ಜ್ವರ, ಅತ್ತೆಯ ಮಾತ್ರೆ, ಇವನ್ನ ನಾನು ಬಿಟ್ಟರೆ ಇನ್ನೊಬ್ಬರು ಎತ್ಕೋಬೇಕು. ಬರೆಯೋಕೆ ಟೈಮ್ ಇಲ್ಲ ಅನ್ನೋ ಗೋಳನ್ನ ಶಿಸ್ತಿನ ಪ್ರಶ್ನೆ ಮಾಡಿಬಿಟ್ಟಿದ್ದೀವಿ. ಅದು ಪಾಲಿನ ಪ್ರಶ್ನೆ.

ನಾನು ತಂಬ್ರಹಳ್ಳಿಯವಳು. ವಿಜಯನಗರ ಜಿಲ್ಲೆ, ಹಗರಿಬೊಮ್ಮನಹಳ್ಳಿ ತಾಲ್ಲೂಕು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಾ ಹತ್ತು ವರ್ಷ ಆಯ್ತು. ಕಳೆದ ವರ್ಷ ಇಲ್ಲಿ ಒಂದು ಬರವಣಿಗೆ ಕಮ್ಮಟಕ್ಕೆ ಹೋಗಿದ್ದೆ. ಭಾಷಣಕಾರರು ಹಿರಿಯರು, ಒಳ್ಳೆಯ ಮಾತುಗಾರರು. ಬೆಳಿಗ್ಗೆ 5 ಗಂಟೆಗೆ ಏಳಿ, ಊರು ಮಲಗಿರುವಾಗ ಬರೀರಿ, ನಿಜವಾದ ಹಸಿವಿದ್ದರೆ ನಿದ್ದೆ ಅಡ್ಡ ಬರಲ್ಲ ಅಂದರು. ಸಭೆಯಲ್ಲಿ ಚಪ್ಪಾಳೆ. ರಾಬಿನ್ ಶರ್ಮಾ 2018ರಲ್ಲಿ ಇದೇ 5 ಗಂಟೆಯ ಮೇಲೆ ಇಡೀ ಪುಸ್ತಕ ಬರೆದು ಮಾರಿದ ಮೇಲೆ, ಬೇಗ ಏಳೋದು ಒಂದು ಆಧ್ಯಾತ್ಮ ಆಗಿಹೋಗಿದೆ.

ನಮ್ಮ ಕಡೆ 5 ಗಂಟೆಗೆ ಊರು ಮಲಗಿರಲ್ಲ ಸ್ವಾಮಿ. ಪಕ್ಕದ ಹಡಗಲಿ ತಾಲ್ಲೂಕಿನಲ್ಲಿ ಮಲ್ಲಿಗೆ ಬಿಡಿಸೋ ಹೆಂಗಸರು ಮೊಗ್ಗು ಅರಳೋದಕ್ಕೆ ಮುಂಚೆ ತೋಟದಲ್ಲಿರಬೇಕು. ತಂಬ್ರಹಳ್ಳಿಯಲ್ಲಿ ನಮ್ಮ ಅತ್ತಿಗೆ ನಾಲ್ಕೂವರೆಗೆ ಎದ್ದು ಕಸ ಹೊಡೆದು, ಸಗಣಿ ಬಾಚಿ, ಎಮ್ಮೆ ಹಾಲು ಕರೆದು, ಡೇರಿಗೆ ಕಳಿಸಿ, ರೊಟ್ಟಿ ಬಡಿಯೋಕೆ ಕೂರ್ತಾಳೆ. ಕಮ್ಮಟದ ಮಾತನ್ನ ಫೋನಿನಲ್ಲಿ ಹೇಳಿದಾಗ ಅವಳು ನಕ್ಕಳು. 'ನಾಕೂವರಿಗೆ ಎದ್ದಿರ್ತೀನಿ ತಂಗಿ, ಐದಕ್ಕ ಮತ್ತೊಮ್ಮೆ ಹೆಂಗ ಏಳ್ಲಿ?'

ಈ ಮಾತನ್ನ ಜೋಕು ಅಂತ ಬಿಡೋ ಹಾಗಿಲ್ಲ, ಯಾಕಂದ್ರೆ ಅತ್ತಿಗೆಯೂ ಬರೀತಾಳೆ. ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಅವಳ ಹತ್ತಿರ ಇರುತ್ತೆ. ಮುಂದಿನ ಹಾಳೆಗಳಲ್ಲಿ ಸಾಲ, ಉಳಿತಾಯ, ಸಹಿ. ಹಿಂದಿನ ಹಾಳೆಗಳಲ್ಲಿ ಅವಳ ಪದಗಳು. ನಾನು ಎಣಿಸಿದೆ, 11 ಇವೆ. ಒಂದೂ ಮುಗಿದಿಲ್ಲ. ಪ್ರತಿ ಪದ ಎಲ್ಲಿ ನಿಂತಿದೆಯೋ ಅಲ್ಲಿ ಏನಾಯ್ತು ಅಂತ ಅವಳಿಗೆ ನೆನಪಿದೆ. ಇಲ್ಲಿ ಹಾಲು ಉಕ್ಕಿತು. ಇಲ್ಲಿ ಕರೆಂಟು ಬಂತು, ಮೋಟ್ರು ಹಾಕೋಕೆ ಓಡಿದೆ. ಇಲ್ಲಿ ಮಾವಾರು ಕರೆದರು. ಇಲ್ಲಿ ಸಣ್ಣಾಕಿ ಬಿದ್ದಳು. ಆ ಹಾಳೆಗಳನ್ನ ನೋಡಿದ ಮೇಲೆ 'ಹಸಿವಿದ್ದರೆ ಟೈಮ್ ಸಿಗುತ್ತೆ' ಅನ್ನೋ ಮಾತು ಕೇಳಿದ್ರೆ ನನಗೆ ಮೈ ಉರಿಯುತ್ತೆ. ಹಸಿವು ಅಲ್ಲಿದೆ. ಬಡಿಸೋರು ಇಲ್ಲ.

ವಾದಕ್ಕೆ ಬಂದವರು ಯಾವಾಗಲೂ ಉದಾಹರಣೆ ತರ್ತಾರೆ. ನಮ್ಮ ಸೀಮೆಯವರೇ ಸಿಕ್ತಾರೆ. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡ್ತಾ ನಾಡನ್ನೇ ನಗಿಸಿದರು. ಕೊಟ್ಟೂರಿನ ಕುಂ. ವೀರಭದ್ರಪ್ಪ ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದುಕೊಂಡು ಬರೆದರು, 'ಅರಮನೆ' ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಾಸ್ತಿ ಮೈಸೂರು ಸರ್ಕಾರದ ಅಧಿಕಾರಿ. ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿ ಮುಂಬಯಿಯ ಕೆಮಿಕಲ್, ಔಷಧ ಕಂಪನಿಗಳಲ್ಲಿ ದುಡೀತಾ ಬರೆದವರು. ಇವರೆಲ್ಲ ನನಗೆ ಪ್ರೀತಿಯ ಲೇಖಕರು. ಆಫೀಸಿನ ಕೆಲಸ ಬರವಣಿಗೆಯ ಶತ್ರುವಲ್ಲ ಅನ್ನೋದನ್ನ ಇವರು ತೋರಿಸಿಕೊಟ್ಟಿದ್ದಾರೆ, ಒಪ್ಪಿದೆ. ಆಫೀಸಿನಿಂದ ಮನೆಗೆ ಬಂದ ಮೇಲೆ ಇನ್ನೊಂದು ಆಫೀಸು ಶುರುವಾಗೋರಿಗೆ ಈ ಉದಾಹರಣೆ ಯಾವ ಉತ್ತರವನ್ನೂ ಕೊಡಲ್ಲ.

ಈ ವಿಷಯದಲ್ಲಿ ನನಗೆ ಇಷ್ಟವಾದ ಪ್ರಾಮಾಣಿಕ ಗಂಡಸು ಆಂಥನಿ ಟ್ರಾಲಪ್. 19ನೇ ಶತಮಾನದ ಇಂಗ್ಲೆಂಡಿನ ಕಾದಂಬರಿಕಾರ, ಅಂಚೆ ಇಲಾಖೆಯ ನೌಕರ. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂತು, ಕೆಲಸಕ್ಕೆ ಹೊರಡೋ ಮುಂಚೆ ಮೂರು ಗಂಟೆ ಬರೀತಿದ್ದ. ಇಷ್ಟನ್ನ ಎಲ್ಲ ಸ್ಫೂರ್ತಿ ಭಾಷಣಗಳಲ್ಲೂ ಹೇಳ್ತಾರೆ. ಆತ ಹೇಳಿದ ಇನ್ನೊಂದು ವಿಷಯ ಬಿಟ್ಟುಬಿಡ್ತಾರೆ. ತನ್ನನ್ನ ಎಬ್ಬಿಸಿ ಕಾಫಿ ಕೊಡೋ ಕೆಲಸಕ್ಕೆ ಆತ ಮನೆಯ ಒಬ್ಬ ಹಳೇ ಆಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಡ್ತಿದ್ದ. ಆ ಆಳು ಒಂದು ದಿನವೂ ತಡ ಮಾಡಲಿಲ್ಲ, ತನ್ನ ಯಶಸ್ಸಿನಲ್ಲಿ ಬೇರೆಲ್ಲರಿಗಿಂತ ದೊಡ್ಡ ಋಣ ಬಹುಶಃ ಅವನದ್ದೇ ಅನ್ನೋ ಅರ್ಥದ ಮಾತನ್ನ 1883ರಲ್ಲಿ ಅಚ್ಚಾದ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಯಜಮಾನ ಐದೂವರೆಗೆ ಕೂರಬೇಕಾದರೆ ಆಳು ಅದಕ್ಕೂ ಮುಂಚೆ ಏಳಬೇಕು. ಒಲೆ ಹೊತ್ತಿಸಿದವನು ಇದ್ದದ್ದರಿಂದ ಕಾದಂಬರಿ ಬಂತು. ಟ್ರಾಲಪ್ ಅದಕ್ಕೆ ಸಂಬಳ ಕೊಟ್ಟ, ಪುಸ್ತಕದಲ್ಲಿ ಋಣವನ್ನೂ ಬರೆದ. ನಮ್ಮ ಮನೆಗಳಲ್ಲಿ ಆ ಕಾಫಿ ಪುಕ್ಕಟೆ.

ಟೈಮ್ ಇಲ್ಲದವರಿಗೆ ಏನಾಗುತ್ತೆ ಅನ್ನೋದಕ್ಕೆ ಕನ್ನಡದಲ್ಲೇ ದೊಡ್ಡ ಸಾಕ್ಷಿ ಇದೆ. ಉತ್ತರ ಕರ್ನಾಟಕದ ಹೆಂಗಸರು ಬೀಸುಕಲ್ಲಿನ ಮುಂದೆ ಕೂತು ಸಾವಿರಾರು ತ್ರಿಪದಿ ಕಟ್ಟಿದರು. ಕೈಗೆ ಬಿಡುವಿರಲಿಲ್ಲ, ಬಾಯಿಗೆ ಇತ್ತು. ಹಲಸಂಗಿ ಗೆಳೆಯರು ಅವನ್ನ ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಅಂತ ಅಚ್ಚು ಹಾಕಿಸಿದರು. ಅವರು ಮಾಡಿದ್ದು ದೊಡ್ಡ ಕೆಲಸ, ಇಲ್ಲದಿದ್ದರೆ ಅಷ್ಟೂ ಹಾಡು ಹಿಟ್ಟಿನ ಜೊತೆಗೇ ಹೋಗ್ತಿತ್ತು. ಆದರೂ ನೋಡಿ: ಮಧುರಚೆನ್ನ, ಸಿಂಪಿ ಲಿಂಗಣ್ಣ ಅಂತ ಸಂಗ್ರಹ ಮಾಡಿದವರ ಹೆಸರು ನಮಗೆ ಗೊತ್ತು. ಕಟ್ಟಿದವಳು 'ಗರತಿ' ಅಷ್ಟೇ. ಹಾಡೋಕೆ ಪ್ರತಿಭೆ ಸಾಕಾಯ್ತು, ಹೆಸರು ಉಳಿಯೋಕೆ ಕಾಗದದ ಮುಂದೆ ಕೂರೋ ಹೊತ್ತು ಬೇಕಿತ್ತು. ಅದು ಅವಳ ಪಾಲಿಗೆ ಬರಲಿಲ್ಲ.

ಹೊತ್ತು ಬಂದವರಿಗೂ ತಡವಾಗಿ ಬಂತು. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ. ಮೊದಲ ಕಾದಂಬರಿ 'ತುಂಗಭದ್ರಾ' ಅಚ್ಚಾದದ್ದು 1963ರಲ್ಲಿ, 46ನೇ ವಯಸ್ಸಿಗೆ. 'ಫಣಿಯಮ್ಮ' ಬಂದದ್ದು ಅರವತ್ತರ ಹತ್ತಿರ. ಇದನ್ನ 'ಬರೆಯೋಕೆ ವಯಸ್ಸಿನ ಹಂಗಿಲ್ಲ' ಅಂತ ಪೋಸ್ಟರ್ ಮಾಡಿ ಹಂಚೋರಿದ್ದಾರೆ. ನನಗೆ ಕಾಣೋದು ಇನ್ನೊಂದು ಲೆಕ್ಕ. ಇಪ್ಪತ್ತಕ್ಕೂ ನಲವತ್ತಾರಕ್ಕೂ ನಡುವೆ ಎಷ್ಟು ಕಾದಂಬರಿ ಹೋಯ್ತು? 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗಲೂ ಹಾಗೇ. 'ವಕೀಲೆ, ತಾಯಿ, ಹೋರಾಟಗಾರ್ತಿ, ಆದರೂ ಬರೆದರು' ಅನ್ನೋ ಫಾರ್ವರ್ಡ್‌ಗಳ ಮಳೆ. ಆ 'ಆದರೂ' ಅನ್ನೋ ಪದವನ್ನ ನಾವು ಹೊಗಳಿಕೆ ಅಂದುಕೊಂಡಿದ್ದೀವಿ. ಅದು ನಮ್ಮ ಮೇಲಿನ ದೂರು.

ಅಂಕಿ ಬೇಕು ಅನ್ನೋರಿಗೆ ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಇದೆ. 6 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ಶೇ. 81.2 ಮಂದಿ ಸಂಬಳವಿಲ್ಲದ ಮನೆಗೆಲಸ ಮಾಡಿದ್ದರು. ಗಂಡಸರಲ್ಲಿ ಶೇ. 26.1. ಅಂದರೆ ಸುಮಾರು ನಾಲ್ಕರಲ್ಲಿ ಮೂವರು ಗಂಡಸರು ಆ ದಿನ ಅದನ್ನ ಮುಟ್ಟೇ ಇಲ್ಲ. ಮಾಡಿದವರಲ್ಲೂ ಹೆಂಗಸರಿಗೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರಿಗೆ 97. ವ್ಯತ್ಯಾಸ 202 ನಿಮಿಷ, ಮೂರು ಗಂಟೆ 22 ನಿಮಿಷ. ಕನ್ನಡದ ಕಾಣೆಯಾದ ಕಾದಂಬರಿಗಳು ಆ ಮೂರು ಗಂಟೆ 22 ನಿಮಿಷದಲ್ಲಿವೆ.

ಇದರ ಮೇಲೆ ನಮ್ಮ ಉದ್ಯಮಿಗಳ ಉಪದೇಶ ಬೇರೆ. 2023ರ ಅಕ್ಟೋಬರ್‌ನಲ್ಲಿ ನಾರಾಯಣಮೂರ್ತಿಯವರು ವಾರಕ್ಕೆ 70 ಗಂಟೆ ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರು 90ಕ್ಕೆ ಏರಿಸಿದರು, ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿ ಮುಖ ನೋಡ್ತೀರಿ ಅನ್ನೋ ಅರ್ಥದಲ್ಲಿ. ಲೆಕ್ಕ ಹಾಕಿ. ವಾರಕ್ಕೆ ಇರೋದೇ 168 ಗಂಟೆ. ನಿದ್ದೆಗೆ 56, ಕೆಲಸಕ್ಕೆ 90. ಉಳಿಯೋದು 22, ಅದರಲ್ಲಿ ಅರ್ಧ ಸಿಲ್ಕ್ ಬೋರ್ಡ್ ಸಿಗ್ನಲ್ಲಿಗೆ. ಸ್ನಾನ, ಊಟ, ಮಗು, ಅಪ್ಪ ಅಮ್ಮ ಎಲ್ಲ ಮಿಕ್ಕ 11 ಗಂಟೆಯಲ್ಲಿ. ಹೀಗೆ ದುಡಿಯೋ ಒಬ್ಬ ಮನುಷ್ಯ ಬದುಕಿರಬೇಕಾದರೆ ಮನೆಯಲ್ಲಿ ಇನ್ನೊಬ್ಬರು ಅವನ ಬದುಕನ್ನ ನಡೆಸಬೇಕು. ಮನೆ ಅಂದರೆ ಮುಖ ನೋಡ್ತಾ ಕೂರೋ ಜಾಗ ಅಂತ ಯಾರಿಗೆ ಅನಿಸುತ್ತೋ, ಅವರ ಮನೆ ಕೆಲಸ ಬೇರೆಯವರು ಮಾಡ್ತಿದ್ದಾರೆ ಅಂತಲೇ ಅರ್ಥ.

'ಅಡುಗೆಗೆ ಜನ ಇಟ್ಕೊಳ್ಳಿ, ಡಬ್ಬಿ ತರಿಸ್ಕೊಳ್ಳಿ, ಅಷ್ಟಕ್ಕೆ ಯಾಕೆ ಜಗಳ?' ಅಂತ ಗೆಳೆಯರು ಕೇಳ್ತಾರೆ. ಇಟ್ಕೊಳ್ಳೋಣ. ಆದರೆ ನಮ್ಮ ಮನೆಗೆ ಏಳು ಗಂಟೆಗೆ ಬರೋ ಅಕ್ಕ ತನ್ನ ಮನೆ ಕೆಲಸವನ್ನ ನಾಲ್ಕಕ್ಕೇ ಮುಗಿಸಿರ್ತಾಳೆ. ನಮ್ಮ ಬಿಡುವಿನ ಬಿಲ್ಲು ಅವಳ ಮನೆಗೆ ಹೋಗುತ್ತೆ. ಕನಿಷ್ಠ ಟ್ರಾಲಪ್ ಮಾಡಿದಷ್ಟಾದರೂ ಮಾಡಬೇಕು, ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ದುಡ್ಡು, ವಾರದ ರಜೆ.

ಇನ್ನು ಕೆಲವರು 12ನೇ ಶತಮಾನಕ್ಕೇ ಹೋಗ್ತಾರೆ. ವಚನಕಾರರು ಕಾಯಕ ಮಾಡ್ತಾನೇ ಬರೆಯಲಿಲ್ಲವಾ ಅಂತ. ಬರೆದರು. ಅಂಬಿಗರ ಚೌಡಯ್ಯ ದೋಣಿ ನಡೆಸಿದ, ನುಲಿಯ ಚಂದಯ್ಯ ಹಗ್ಗ ಹೊಸೆದ. ಹಾಗೇ ಆಯ್ದಕ್ಕಿ ಲಕ್ಕಮ್ಮನನ್ನೂ ನೆನಪಿಸ್ಕೊಳ್ಳಿ. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮ್ಮ ಪಾಲಲ್ಲ, ಮತ್ತೆ ಅಲ್ಲಿಗೇ ಸುರಿದು ಬಾ ಅಂತ ಅವನನ್ನ ವಾಪಸು ಅಟ್ಟಿದವಳು ಅವಳು. ಅಕ್ಕಿಗೆ ಇರೋ ನ್ಯಾಯ ಹೊತ್ತಿಗೂ ಇರಬೇಕು. ದಿನಕ್ಕೆ 24 ಗಂಟೆ ಎಲ್ಲರಿಗೂ ಒಂದೇ ಅಂತೀವಲ್ಲ, ಅದರಲ್ಲಿ ಬೇರೆಯವರ ಎರಡು ಗಂಟೆ ಸೇರಿಸಿಕೊಂಡು ನನ್ನದು 26 ಮಾಡಿಕೊಂಡರೆ, ಆ ಎರಡನ್ನ ವಾಪಸು ಸುರಿದು ಬರಬೇಕು.

ಹಾಗಾದರೆ ಯಾರೂ ಬರೆಯಬಾರದಾ? ಬರೀಬೇಕು, ಇನ್ನೂ ಜಾಸ್ತಿ ಜನ ಬರೀಬೇಕು. ಮೆಟ್ರೋದಲ್ಲಿ ನಿಂತು ಫೋನಿನಲ್ಲಿ ನಾಲ್ಕು ಸಾಲು ಟೈಪ್ ಮಾಡೋದೂ ಬರವಣಿಗೆಯೇ, ನಾನೂ ಮಾಡ್ತೀನಿ. ಆದರೆ ಕತೆ ಬೆಳೆಯೋಕೆ ತುಂಡು ನಿಮಿಷ ಸಾಲಲ್ಲ. ಗ್ಯಾಸ್ ಬುಕ್ ಆಯ್ತಾ, ಸ್ಕೂಲ್ ಫೀಸ್ ಕಟ್ಟಿದ್ವಾ ಅಂತ ತಲೆ ಕೇಳದೇ ಇರೋ ಎರಡು ಗಂಟೆ ಬೇಕು. ನಮ್ಮ ಮನೆಯಲ್ಲಿ ಮಂಗಳವಾರ, ಗುರುವಾರ ರಾತ್ರಿ 8ರಿಂದ 10 ನನ್ನದು. ಆ ಹೊತ್ತಲ್ಲಿ ಅಡುಗೆ, ಮಗಳ ಹೋಂವರ್ಕ್, ಬಾಗಿಲು ಬಡಿಯೋರು, ಎಲ್ಲ ನನ್ನ ಗಂಡನ ಪಾಲು. ಶನಿವಾರ ಬೆಳಿಗ್ಗೆ ಅವನದ್ದು, ಅವನು ತಬಲಾ ಕಲೀತಾನೆ, ಆಗ ಮನೆ ನನ್ನದು. ಅವನು ಮಾಡೋ ಸಾರಿಗೆ ಉಪ್ಪು ಜಾಸ್ತಿ. ತಿಂತೀವಿ. ನನ್ನ ಎರಡು ಕತೆಗಳ ಬೆಲೆ ಆ ಉಪ್ಪು. ಕ್ಯಾಲೆಂಡರಿನಲ್ಲಿ 'ಬರವಣಿಗೆ' ಅಂತ ಮಾತ್ರ ಬರೆದರೆ ಆಗಲ್ಲ, ಪಕ್ಕದಲ್ಲಿ ಆ ಹೊತ್ತಿನ ಅಡುಗೆ ಯಾರದ್ದು ಅಂತಲೂ ಬರೀಬೇಕು.

ಸಾಹಿತ್ಯ ಸಭೆಗಳಿಗೂ ಒಂದು ಮಾತು. ಲೇಖಕಿಯರಿಗೆ ತಪ್ಪದೇ ಕೇಳೋ ಪ್ರಶ್ನೆ ಒಂದಿದೆಯಲ್ಲ, 'ಮನೆ, ಬರವಣಿಗೆ ಎರಡನ್ನೂ ಹೇಗೆ ನಿಭಾಯಿಸ್ತೀರಿ?' ಅದನ್ನ ಲೇಖಕರಿಗೂ ಕೇಳಿ. ಉತ್ತರಕ್ಕೆ ಕಾಯಿರಿ. ಪುಸ್ತಕದ ಮೊದಲ ಪುಟದಲ್ಲಿ 'ಸಹಕರಿಸಿದ ನನ್ನ ಶ್ರೀಮತಿಗೆ' ಅನ್ನೋ ಒಂದು ಸಾಲಿನ ಬದಲು, ಇಷ್ಟು ವರ್ಷ, ವಾರಕ್ಕೆ ಇಷ್ಟು ಗಂಟೆ, ಇಂಥವರಿಂದ ಸಿಕ್ಕಿತು ಅಂತ ಲೆಕ್ಕ ಕೊಡಿ. ಸಂಘದ ಪುಸ್ತಕದಲ್ಲಿ ಸಾಲ ಬರೆಯೋ ಹಾಗೆ: ತಗೊಂಡವರು ಯಾರು, ಕೊಟ್ಟವರು ಯಾರು, ತೀರಿಸೋದು ಯಾವಾಗ.